ಅಲ್ಲಿಂದ ಬರುವನು

ತೀರ್ಪು ಓದಲು ಎರಡು ನಿಮಿಷವೂ ಹಿಡಿಯಲಿಲ್ಲ. ನಾವು ಕಾದದ್ದು ಐದು ವರ್ಷ.

ಕಾರನ್ನು ಆರೋಪಿಯೇ ಓಡಿಸುತ್ತಿದ್ದ ಅನ್ನುವುದು ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಿಲ್ಲ, ಆದ್ದರಿಂದ ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡಲಾಗಿದೆ. ಅಷ್ಟೇ. ಬಾಗಿಲಲ್ಲಿ ನಿಂತಿದ್ದ ಜವಾನ ಮುಂದಿನ ಕೇಸಿನವರ ಹೆಸರು ಕೂಗಿದ. ಅವ್ವ ನನ್ನ ತೋಳು ಜಗ್ಗಿ, "ಏನಂದ್ರೋ?" ಅಂತ ಕೇಳಿದಳು. ಹೊರಗೆ ಬೇವಿನ ಮರದ ಕೆಳಗೆ ಕೂರಿಸಿ ಹೇಳಿದೆ. ಅವಳು ಅಳಲಿಲ್ಲ. ಚೀಲದಿಂದ ನೀರಿನ ಬಾಟಲಿ ತೆಗೆದಳು, ಮುಚ್ಚಳ ತಿರುವಿದಳು, ಕುಡಿಯದೆ ಹಾಗೇ ಮುಚ್ಚಿ ಮತ್ತೆ ಚೀಲಕ್ಕೆ ಹಾಕಿದಳು. ಇವತ್ತಿಗೂ ಆ ತೀರ್ಪು ಅಂದರೆ ನನಗೆ ನೆನಪಾಗುವುದು ಆ ಬಾಟಲಿ.

2016ರ ನವೆಂಬರಿನಲ್ಲಿ ನನ್ನ ತಮ್ಮ ತೀರಿಕೊಂಡ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಅವನ ಕೆಲಸ. ಎರಡನೇ ಪಾಳಿ ಮುಗಿಸಿ ಬೈಕಿನಲ್ಲಿ ಮನೆಗೆ ಬರುತ್ತಿದ್ದ. ರಾತ್ರಿ ಹತ್ತೂ ನಲವತ್ತಕ್ಕೆ, ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ, ನರೇಂದ್ರ ಕ್ರಾಸ್ ಹತ್ತಿರ, ಹಿಂದಿನಿಂದ ಬಂದ ಕಾರು ಗುದ್ದಿತು. ನಿಲ್ಲಿಸಿದರು, ಇಳಿದು ನೋಡಿದರು, ಮತ್ತೆ ಹತ್ತಿ ಹೋದರು. ಇದನ್ನು ಹೇಳಿದ್ದು ರಸ್ತೆ ಬದಿಯ ಚಹಾದಂಗಡಿಯವರು ಮತ್ತು ಹಾಲಿನ ಗಾಡಿಯ ಒಬ್ಬ ಡ್ರೈವರ್. ಇಬ್ಬರೂ ಪೊಲೀಸರ ಮುಂದೆ ಕಾರಿನ ಮಾಲೀಕನ ಚಹರೆ ಹೇಳಿದ್ದರು. ಮರುದಿನ ಕಾರೂ ಸಿಕ್ಕಿತು, ಎಡಗಡೆಯ ದೀಪ ಒಡೆದಿತ್ತು. ನಾವು ಅಂದುಕೊಂಡೆವು, ಇನ್ನೇನು ಬೇಕು? ತಮ್ಮನಿಗೆ ಆಗ ಮೂವತ್ತೊಂದು. ಅವನ ಮಗಳಿಗೆ ಮೂರು ವರ್ಷ ತುಂಬಿರಲಿಲ್ಲ.

ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದರೆ ಆಗಿನ ಕಾನೂನಿನ 304ಎ ಕಲಮಿನಲ್ಲಿ ಹೆಚ್ಚೆಂದರೆ ಎರಡು ವರ್ಷ ಶಿಕ್ಷೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಇದನ್ನು ವಕೀಲರು ಮೊದಲ ದಿನವೇ ಹೇಳಿದ್ದರು. ನಮಗೆ ಅವನು ಎಷ್ಟು ದಿನ ಒಳಗಿರುತ್ತಾನೆ ಅನ್ನುವುದು ಮುಖ್ಯವಾಗಿರಲಿಲ್ಲ. "ಹೌದು, ನೀನು ಮಾಡಿದೆ" ಅಂತ ಯಾರಾದರೂ ಒಬ್ಬರು ಜೋರಾಗಿ ಹೇಳಬೇಕಿತ್ತು. ಅದಷ್ಟೇ ಬೇಕಿತ್ತು.

ಸಾಕ್ಷಿ ವಿಚಾರಣೆಯ ದಿನ ಚಹಾದಂಗಡಿಯವರು ಕತ್ತಲಿತ್ತು, ಮುಖ ಕಾಣಲಿಲ್ಲ ಅಂದರು. ಹಾಲಿನ ಗಾಡಿಯವರು ಪೊಲೀಸರಿಗೆ ಹಾಗೆ ಹೇಳಿಯೇ ಇಲ್ಲ ಅಂದರು. ಪ್ರತಿಕೂಲ ಸಾಕ್ಷಿ ಅನ್ನುತ್ತಾರೆ ಇದಕ್ಕೆ. ದಾರಿಯಲ್ಲಿದ್ದ ಒಂದು ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಏನಾದರೂ ಸಿಕ್ಕೀತು ಅಂತ ಹೋದರೆ, ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿ ಆ ರಾತ್ರಿ ಅಳಿಸಿಹೋಗಿತ್ತು. ನಡುವೆ ಕೊರೊನಾ ಬಂತು, ಕೋರ್ಟು ಮುಚ್ಚಿತು, ತೆರೆಯಿತು, ತಾರೀಖಿನ ಮೇಲೆ ತಾರೀಖು ಬಿತ್ತು. ಕೊನೆಗೆ 2021ರ ಡಿಸೆಂಬರಿನಲ್ಲಿ ಆ ಎರಡು ನಿಮಿಷ. ತೀರ್ಪು ಕೊಟ್ಟ ನ್ಯಾಯಾಧೀಶರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮುಂದಿದ್ದ ಕಾಗದದಲ್ಲಿ ಇದ್ದದ್ದು ಅಷ್ಟೇ.

ಪರಿಹಾರದ ಕೇಸು ಬೇರೆ ನಡೆದಿತ್ತು. ಅಲ್ಲಿ ಕ್ರಿಮಿನಲ್ ಕೇಸಿನಷ್ಟು ಗಟ್ಟಿ ರುಜುವಾತು ಬೇಕಿಲ್ಲ. ಆ ಕಾರೇ ಗುದ್ದಿದ್ದು ಅಂತ ಒಪ್ಪಿಕೊಂಡು ವಿಮೆಯವರು ದುಡ್ಡು ಕಟ್ಟಿದರು. ಮಗುವಿನ ಹೆಸರಿನಲ್ಲಿ ಠೇವಣಿ ಇಟ್ಟೆವು. ಒಂದು ಕಡೆ ಕಾರು ಕೊಂದಿದೆ. ಇನ್ನೊಂದು ಕಡೆ ಆ ಕಾರಿನಲ್ಲಿ ಯಾರೂ ಇರಲೇ ಇಲ್ಲ. ರಾತ್ರಿ ಮಲಗಿದಾಗ ಈ ಎರಡು ಮಾತು ತಲೆಯಲ್ಲಿ ಒಂದಕ್ಕೊಂದು ಉಜ್ಜುತ್ತಿದ್ದವು.

ನಮ್ಮದು ನಾಲ್ಕು ತಲೆಮಾರಿನ ಕ್ರೈಸ್ತ ಮನೆತನ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ ಬಂದರು. ನನ್ನ ಅವ್ವನ ಅಜ್ಜಿ ಬೆಟಗೇರಿಯಲ್ಲಿ ಮಗ್ಗ ನೇಯುತ್ತಿದ್ದವಳು. ಅವಳ ಸತ್ಯವೇದ, ಅಂದರೆ ಬೈಬಲ್ಲು, ಈಗಲೂ ನಮ್ಮ ಮನೆಯಲ್ಲಿದೆ, ಅಂಚು ಇಲಿ ತಿಂದಂತಾಗಿದೆ. ಹಾಗಾಗಿ ದೇವರು ನ್ಯಾಯವಂತ ಅನ್ನುವುದು ನನಗೆ ಹೊಸ ಸುದ್ದಿಯೇನಲ್ಲ. ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ಆದರೆ ಆ ಮಾತಿನ ಮೇಲೆ ಭಾರ ಹಾಕಿ ನಿಲ್ಲಬೇಕಾಗಿ ಬಂದದ್ದು ಆಗಲೇ ಮೊದಲು. ನಿಂತರೆ ಕುಸಿಯುತ್ತದೇನೋ ಅಂತ ಭಯ ಇತ್ತು.

ಬಂದವರೆಲ್ಲ ಸಮಾಧಾನ ಹೇಳಿದರು. ಸಭೆಯವರು "ದೇವರ ಚಿತ್ತ" ಅಂದರು. ಪಕ್ಕದ ಮನೆಯ ಅಜ್ಜ, ನಮ್ಮನ್ನು ಬಹಳ ಪ್ರೀತಿಸುವವರು, "ಬಿಡಪಾ, ಮಾಡಿದ್ದುಣ್ಣೋ ಮಹಾರಾಯ ಅಂತಾರ, ಅವಗೂ ಐತಿ" ಅಂದರು. ಅವರ ಕಣ್ಣಲ್ಲಿ ನೀರಿತ್ತು, ಆ ಕಣ್ಣೀರು ನನಗೆ ಬೇಕಾಗಿತ್ತು. ಆದರೆ ಮಾತು ಹಿಡಿಸಲಿಲ್ಲ. ಬಿತ್ತಿದ್ದು ತಾನಾಗಿ ಬೆಳೆದು ಬರುತ್ತದೆ ಅಂದರೆ ಅದರಲ್ಲಿ ನನ್ನ ತಮ್ಮನ ಹೆಸರು ಯಾರಿಗೆ ಗೊತ್ತಿರುತ್ತದೆ? ನನಗೆ ಬೇಕಾಗಿದ್ದದ್ದು ನಮ್ಮ ಮಾತು ಕೇಳುವ ಒಬ್ಬರು. "ದೇವರ ಚಿತ್ತ" ಅನ್ನುವುದಂತೂ ಇನ್ನೂ ನೋಯಿಸಿತು. ಗಾಯವಾದ ಮನುಷ್ಯನನ್ನು ರಸ್ತೆಯಲ್ಲಿ ಬಿಟ್ಟು ಹೋಗುವುದು ಯಾವ ದೇವರ ಚಿತ್ತ? ಸಮಾಧಾನ ಹೇಳಲು ಹೋಗುವವರು ದಯವಿಟ್ಟು ಆ ಮಾತು ಆಡಬೇಡಿ. ಸುಮ್ನೆ ಪಕ್ಕದಲ್ಲಿ ಕೂತರೆ ಸಾಕು.

ನಾನು ಆ ದಿನಗಳಲ್ಲಿ ಏನು ಮಾಡುತ್ತಿದ್ದೆ ಅಂತಲೂ ಹೇಳಬೇಕು. ಅವನ ಕಾರನ್ನು ಹಿಂಬಾಲಿಸುತ್ತಿದ್ದೆ. ಹೊಸ ಕಾರು ತಗೊಂಡಿದ್ದ. ಎಲ್ಲಿ ನಿಲ್ಲಿಸುತ್ತಾನೆ, ಎಷ್ಟು ಹೊತ್ತಿಗೆ ಅಂಗಡಿ ಮುಚ್ಚುತ್ತಾನೆ ಎಲ್ಲ ಗೊತ್ತಿತ್ತು. ನನ್ನ ಮೊಬೈಲಿನಲ್ಲಿ ಆ ಕಾರಿನ ನಲವತ್ತಮೂರು ಫೋಟೋ ಇದ್ದವು. ಯಾಕೆ ತೆಗೆಯುತ್ತಿದ್ದೆ, ಅವುಗಳಿಂದ ಏನು ಮಾಡಬೇಕೆಂದಿದ್ದೆ, ನನಗೂ ಗೊತ್ತಿರಲಿಲ್ಲ. ತೆಗೆದ ದಿನ ಏನೋ ಕೆಲಸ ಆಯಿತು ಅನಿಸುತ್ತಿತ್ತು.

ಆಮೇಲೆ ಆ ಮದುವೆ ಬಂತು. 2022ರ ಮೇ. ನಮ್ಮ ಓಣಿಯ ಹುಡುಗಿಯದು. ನನ್ನ ಅಕ್ಷರ ದುಂಡಗಿದೆ ಅಂತ ಮದುವೆಗಳಲ್ಲಿ ಮುಯ್ಯಿ ಬರೆಯಲು ನನ್ನನ್ನೇ ಕೂರಿಸುತ್ತಾರೆ. ಮಂಟಪದ ಪಕ್ಕ ಒಂದು ಟೇಬಲ್ಲು, ಉದ್ದನೆಯ ವಹಿ, ಪೆನ್ನು. ಬಂದವರು ಕವರು ಕೊಡುತ್ತಾರೆ, ಹೆಸರು, ಊರು, ಮೊತ್ತ ಬರೆಯಬೇಕು. ನಾಳೆ ಅವರ ಮನೆಯಲ್ಲಿ ಕಾರ್ಯ ಆದಾಗ ವಹಿ ತೆಗೆದು ನೋಡಿ ಅಷ್ಟೇ, ಇಲ್ಲವೇ ಸ್ವಲ್ಪ ಜಾಸ್ತಿ ಹಾಕಿ ತಿರುಗಿ ಮುಯ್ಯಿ ಮಾಡುತ್ತಾರೆ.

ತಲೆ ಬಗ್ಗಿಸಿ ಬರೆಯುತ್ತಿದ್ದೆ. ಕವರು ಹಿಡಿದ ಒಂದು ಕೈ ಬಂತು. "ಹೆಸರ್ರೀ?" ಅಂದೆ. ಉತ್ತರ ಬರಲಿಲ್ಲ. ತಲೆ ಎತ್ತಿದರೆ ಅವನು. ಸೊಂಟದ ಮಟ್ಟಕ್ಕೆ ಒಂದು ಮಗು, ಕೈಯಲ್ಲಿ ಐಸ್‌ಕ್ರೀಮ್, ಮೊಣಕೈವರೆಗೂ ಸೋರುತ್ತಿತ್ತು. ಐದು ವರ್ಷ ಕೋರ್ಟಿನ ವರಾಂಡದಲ್ಲಿ ಒಬ್ಬರನ್ನೊಬ್ಬರು ನೋಡಿದವರು ನಾವು. ಅವನಿಗೂ ಗುರುತು ಹತ್ತಿತು. ತಪ್ಪಿಸಿಕೊಂಡು ಹೋಗಲು ಹಿಂದೆ ಜನ ನಿಂತಿದ್ದರು. ಸಣ್ಣ ದನಿಯಲ್ಲಿ ಹೆಸರು ಹೇಳಿದ. ನಾನು ಬರೆದೆ. ಮುಂದೆ ಐನೂರ ಒಂದು ಅಂತ ಬರೆದೆ. ಅವನು ಬಗ್ಗಿ ಕರವಸ್ತ್ರದಿಂದ ಮಗುವಿನ ಕೈ ಒರೆಸಿ, ಅದನ್ನು ಎತ್ತಿಕೊಂಡು ಹೋದ.

ಅವನ ಹೆಸರನ್ನು ನನ್ನದೇ ದುಂಡನೆಯ ಅಕ್ಷರದಲ್ಲಿ ನೋಡುತ್ತಾ ಕೂತೆ. ಕೈ ನಡುಗಿ ಮುಂದಿನ ಮೂರು ಹೆಸರು ಸೊಟ್ಟಗೆ ಬಂದವು.

ಆ ರಾತ್ರಿ ಮನೆಗೆ ಹೋಗದೆ ನೇರ ಅಯ್ಯನವರ ಮನೆಗೆ ಹೋದೆ. ನಮ್ಮ ಸಭಾಪಾಲಕರು ವಯಸ್ಸಾದವರು, ಮಾತು ಕಮ್ಮಿ. ಅವರು ಕ್ಷಮಿಸು ಅನ್ನುತ್ತಾರೆ ಅಂತ ಅಂದುಕೊಂಡಿದ್ದೆ, ಅಂದಿದ್ದರೆ ಎದ್ದು ಹೋಗುವವನಿದ್ದೆ. ಅವರು ಹಾಗೆ ಅನ್ನಲಿಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ ಹನ್ನೆರಡನೇ ಅಧ್ಯಾಯ ತೆಗೆದು ಹತ್ತೊಂಬತ್ತನೇ ವಚನದ ಮೇಲೆ ಬೆರಳಿಟ್ಟರು. ಮುಯ್ಯಿಗೆ ಮುಯ್ಯಿ ತೀರಿಸುವುದು ನನ್ನ ಕೆಲಸ ಅಂತ ಕರ್ತನು ಹೇಳುತ್ತಾನೆ, ಅದನ್ನು ಅವನಿಗೆ ಬಿಡಿರಿ.

ನೂರು ಸಲ ಕೇಳಿದ ವಚನ. ಆದರೆ ಆ ಹೊತ್ತು, ಬೆರಳಿಗೆ ಮುಯ್ಯಿ ವಹಿಯ ಶಾಯಿ ಇನ್ನೂ ಹತ್ತಿಕೊಂಡಿದ್ದಾಗ, ಆ ಶಬ್ದ ಬೇರೆ ಥರ ಕೇಳಿಸಿತು. ಒಂದು ವಹಿ ಇದೆ. ಅದರಲ್ಲಿ ಹೆಸರಿದೆ, ಊರಿದೆ, ನರೇಂದ್ರ ಕ್ರಾಸ್ ಇದೆ, ಹತ್ತೂ ನಲವತ್ತರ ಹೊತ್ತಿದೆ. ಟೇಬಲ್ಲಿನ ಹಿಂದೆ ಕೂತು ಬರೆಯುವವನು ಬೇರೆಯವನು. ಅವನು ಯಾವುದನ್ನೂ ಮರೆತಿಲ್ಲ, ಬಿಟ್ಟಿಲ್ಲ, ಸೊಟ್ಟಗೆ ಬರೆದಿಲ್ಲ. "ಬಿಡಿರಿ" ಅಂದರೆ ಹೋಗಲಿ ಬಿಡಿ ಅಂತಲ್ಲ. ವಹಿಯನ್ನು ಅವನ ಕೈಗೆ ಬಿಡಿ ಅಂತ. ಅದುವರೆಗೆ ನನಗೆ ಈ ಎರಡರ ವ್ಯತ್ಯಾಸ ತಿಳಿದಿರಲಿಲ್ಲ.

ಅಯ್ಯನವರು ಇನ್ನೂ ಒಂದು ಹೇಳಿದರು. ಸತ್ಯವೇದದ ಕೀರ್ತನೆಗಳನ್ನು ಓದಬೇಡ, ಪ್ರಾರ್ಥಿಸು. ಸಿಟ್ಟಿನ ಕೀರ್ತನೆಗಳನ್ನೇ ತಗೋ. ಹತ್ತು, ತೊಂಬತ್ತನಾಲ್ಕು, ನೂರ ಒಂಬತ್ತು. ನಿನ್ನ ಬಾಯಲ್ಲಿರುವುದು ಅಲ್ಲಿ ಆಗಲೇ ಬರೆದಿದೆ.

ರಾತ್ರಿ ಹತ್ತೂ ನಲವತ್ತಕ್ಕೆ, ಪ್ರತಿ ದಿನ, ಅಡುಗೆಮನೆಯ ಕಟ್ಟೆಗೆ ಒರಗಿ ಕೂತು ಪ್ರಾರ್ಥಿಸತೊಡಗಿದೆ. ಅದುವರೆಗೆ ನಾನು ದೇವರ ಮುಂದೆ ಒಳ್ಳೆಯ ಮಾತುಗಳನ್ನೇ ಆಡಿದವನು. ಕೀರ್ತನೆಗಾರ ಹಾಗಲ್ಲ. ಯಾಕೆ ದೂರ ನಿಂತಿದ್ದೀ, ಯಾಕೆ ಮರೆಯಾಗಿದ್ದೀ ಅಂತ ಕೇಳಿಬಿಡುತ್ತಾನೆ. ತೊಂಬತ್ತನಾಲ್ಕರಲ್ಲಿ ಒಂದು ಪ್ರಶ್ನೆ ಇದೆ. ಕಿವಿಯನ್ನು ಮಾಡಿದವನು ಕೇಳುವುದಿಲ್ಲವೋ? ಕಣ್ಣನ್ನು ಮಾಡಿದವನು ನೋಡುವುದಿಲ್ಲವೋ? ಪೆಟ್ರೋಲ್ ಬಂಕಿನ ಕ್ಯಾಮೆರಾದ ಬೂದು ಪರದೆ ನೆನಪಾಗಿ ಅವತ್ತು ಬಿಕ್ಕಿ ಬಿಕ್ಕಿ ಅತ್ತೆ. ತಮ್ಮ ಸತ್ತ ಮೇಲೆ ಹಾಗೆ ಅತ್ತದ್ದು ಅದೇ ಮೊದಲು. ಆ ರಾತ್ರಿ ಅಳಿಸಿಹೋಗಿಲ್ಲ.

ಐವತ್ತಾರನೇ ಕೀರ್ತನೆಯಲ್ಲಿ ಮುತ್ತಜ್ಜಿಯ ಹಳೆಯ ಸತ್ಯವೇದ "ಬುದ್ದಲಿ" ಅನ್ನುತ್ತದೆ. ನನ್ನ ಕಣ್ಣೀರು ನಿನ್ನ ಬುದ್ದಲಿಯಲ್ಲಿದೆ ಅಂತ. ಎಣ್ಣೆ, ತುಪ್ಪ ತುಂಬಿಡುವ ಚರ್ಮದ ಚೀಲಕ್ಕೆ ಬುದ್ದಲಿ ಅನ್ನುತ್ತಿದ್ದರು. ಬೆಲೆಬಾಳುವ, ಚೆಲ್ಲಬಾರದ ವಸ್ತುವನ್ನೇ ಅದರಲ್ಲಿ ಇಡುವುದು. ಅವ್ವನಿಗೆ ಆ ಪದ ಓದಿ ತೋರಿಸಿದೆ. "ಅಜ್ಜಿ ತುಪ್ಪದ ಬುದ್ದಲಿ ಗೂಟಕ್ಕ ತೂಗ ಹಾಕತಿದ್ಲು, ನಾವು ಮುಟ್ಟೋ ಹಂಗಿರಲಿಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಂದೂ ಅದರಾಗ ಐತೇನು ಹಂಗಾರ" ಅಂದಳು.

ನೂರ ಒಂಬತ್ತರಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಅದು ಬಹಳ ಕಠಿಣವಾದ ಕೀರ್ತನೆ. ವೈರಿಯ ಆಯುಷ್ಯ ಕಡಿಮೆಯಾಗಲಿ ಅನ್ನುತ್ತದೆ. ಅಲ್ಲಿಯವರೆಗೆ ಗಟ್ಟಿಯಾಗಿ ಹೇಳಿದೆ. ಮುಂದೆ, ಅವನ ಮಕ್ಕಳು ತಂದೆಯಿಲ್ಲದವರಾಗಲಿ ಅಂತ ಬಂತು. ಐಸ್‌ಕ್ರೀಮ್ ಸೋರುವ ಆ ಪುಟ್ಟ ಕೈ ಕಣ್ಣ ಮುಂದೆ ಬಂತು. ತಂದೆಯಿಲ್ಲದ ಮಗು ಹೇಗಿರುತ್ತದೆ ಅಂತ ನನಗೆ ಗೊತ್ತಿತ್ತು, ಪಕ್ಕದ ಕೋಣೆಯಲ್ಲೇ ಮಲಗಿತ್ತು. ಬಾಯಿ ತೆರೆಯಲಿಲ್ಲ. ಆ ವಚನವನ್ನು ಇವತ್ತಿಗೂ ನಾನು ಪ್ರಾರ್ಥಿಸಿಲ್ಲ. ಆದರೆ ಅದು ಅಲ್ಲಿ ಇರುವುದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಅಂಥ ಸಿಟ್ಟನ್ನೂ ತಂದು ಇಡಲು ದೇವರ ಮುಂದೆ ಜಾಗ ಇದೆ ಅಂತ ಅದರಿಂದಲೇ ಗೊತ್ತಾಯಿತು. ಅಲ್ಲಿ ಇಟ್ಟದ್ದನ್ನು ಆ ಕಾರಿನ ಹಿಂದೆ ಹೊತ್ತುಕೊಂಡು ತಿರುಗಬೇಕಾಗಿಲ್ಲ.

ಜುಲೈಯಲ್ಲಿ ಒಂದು ಭಾನುವಾರ ಆರಾಧನೆಯಲ್ಲಿ ವಿಶ್ವಾಸ ಪ್ರಮಾಣ ಹೇಳುತ್ತಿದ್ದೆವು. ಹೊರಗೆ ಧಾರವಾಡದ ಜಿಟಿಜಿಟಿ ಮಳೆ. ಎಲ್ಲರೂ ಎದ್ದು ನಿಂತು, ವೇದಿಯ ಕಡೆ ಮುಖ ಮಾಡಿ, ಹುಟ್ಟಿದಾಗಿನಿಂದ ಹೇಳುತ್ತಾ ಬಂದ ಅದೇ ಮಾತು. ಪೊಂತ್ಯ ಪಿಲಾತನ ಕಾಲದಲ್ಲಿ ಶ್ರಮೆಪಟ್ಟು, ಶಿಲುಬೆಗೆ ಹಾಕಲ್ಪಟ್ಟು, ಸತ್ತು. ಅಲ್ಲೇ ನಿಂತೆ. ಸಭೆ ಮುಂದೆ ಹೋಯಿತು, ನಾನು ಪಿಲಾತನ ಹತ್ತಿರವೇ ಉಳಿದೆ.

ವಿಶ್ವಾಸ ಪ್ರಮಾಣದಲ್ಲಿ ಕರ್ತನನ್ನು ಬಿಟ್ಟರೆ ಇರುವುದು ಎರಡೇ ಮನುಷ್ಯರ ಹೆಸರು. ಒಂದು ಮರಿಯಳು. ಇನ್ನೊಂದು ಪಿಲಾತ. ಪೇತ್ರನಿಲ್ಲ, ಪೌಲನಿಲ್ಲ. ಯೇಸುವಿಗೆ ತಪ್ಪು ತೀರ್ಪು ಕೊಟ್ಟ ಒಬ್ಬ ರೋಮನ್ ಅಧಿಕಾರಿಯ ಹೆಸರನ್ನು ಪ್ರಪಂಚದ ಎಷ್ಟೋ ಭಾಷೆಗಳಲ್ಲಿ, ಇಷ್ಟು ಶತಮಾನಗಳಿಂದ, ವಾರವಾರ ಹೇಳುತ್ತಾ ಬಂದಿದ್ದೇವೆ. ಅವನು ಕಥೆಯ ಪಾತ್ರವೂ ಅಲ್ಲ. ಅವನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಇಸ್ರೇಲಿನ ಕೈಸರೈಯದಲ್ಲಿ ಸಿಕ್ಕಿತು. ಅವನು ಈ ಮನುಷ್ಯನಲ್ಲಿ ತಪ್ಪು ಕಾಣಲಿಲ್ಲ ಅಂತ ಮೂರು ಸಲ ಹೇಳಿದ. ಆಮೇಲೆ ಜನರಿಗೆ ಹೆದರಿ ಒಪ್ಪಿಸಿಬಿಟ್ಟ, ನೀರು ತರಿಸಿ ಕೈ ತೊಳೆದುಕೊಂಡ. ಅದಕ್ಕೂ ಮೊದಲು, ರಾತ್ರೋರಾತ್ರಿ ನಡೆದ ವಿಚಾರಣೆಯಲ್ಲಿ, ಸುಳ್ಳು ಸಾಕ್ಷಿಗಳನ್ನು ಹುಡುಕಿ ತಂದಿದ್ದರು. ಕೋರ್ಟಿನಲ್ಲಿ ಏನೇನು ಕೆಟ್ಟದ್ದು ಆಗಬಹುದೋ ಅದೆಲ್ಲ ನನ್ನ ಕರ್ತನಿಗೆ ಆಗಿದೆ.

ಅದೇ ಪ್ರಮಾಣದಲ್ಲಿ ಸ್ವಲ್ಪ ಮುಂದೆ ಬರುವ ಸಾಲು: ಜೀವಿಸುವವರಿಗೂ ಸತ್ತವರಿಗೂ ನ್ಯಾಯ ತೀರಿಸಲು ಅಲ್ಲಿಂದ ಬರುವನು. ಯಾರು? ಕಟಕಟೆಯಲ್ಲಿ ನಿಂತವನೇ. ಪಿಲಾತ ಕೂತದ್ದು ನ್ಯಾಯಾಸನದ ಮೇಲೆ ಅನ್ನುತ್ತದೆ ಯೋಹಾನನ ಸುವಾರ್ತೆ. ನಾವೆಲ್ಲರೂ ಕ್ರಿಸ್ತನ ನ್ಯಾಯಾಸನದ ಮುಂದೆ ಬರಬೇಕು ಅನ್ನುತ್ತಾನೆ ಪೌಲ, ಕೊರಿಂಥದವರಿಗೆ ಬರೆದ ಎರಡನೇ ಪತ್ರಿಕೆಯಲ್ಲಿ. ಎರಡೂ ಕಡೆ ಅದೇ ಶಬ್ದ. ಮೂಲ ಗ್ರೀಕಿನಲ್ಲೂ ಒಂದೇ ಶಬ್ದ ಅಂತ ಆಮೇಲೆ ಅಯ್ಯನವರು ಹೇಳಿದರು. ಕೆಳಗೆ ಕೈಕಟ್ಟಿ ನಿಂತವನು ನಾಳೆ ಆ ಪೀಠದ ಮೇಲೆ ಕೂರುತ್ತಾನೆ.

ಇದು ನನಗೆ ಎಷ್ಟು ದೊಡ್ಡ ಸಮಾಧಾನ ಅಂತ ಹೇಗೆ ಹೇಳಲಿ? ನಮ್ಮ ಕೇಸು ಕೇಳುವವನಿಗೆ ನಾನು ಬೇವಿನ ಮರದ ಕೆಳಗಿನ ಆ ಮಧ್ಯಾಹ್ನವನ್ನು ವಿವರಿಸಬೇಕಾಗಿಲ್ಲ. ಅವನ ತಾಯಿಯೂ ಹಾಗೇ ನಿಂತು ನೋಡಿದ್ದಳು.

ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಇಷ್ಟೇ ಅಲ್ಲ. ಸುಳ್ಳು ಸಾಕ್ಷಿ ಅಂದೆನಲ್ಲ, ಅಲ್ಲಿ ನನ್ನದೂ ಒಂದು ಲೆಕ್ಕ ಇದೆ.

ಚಹಾದಂಗಡಿಯವರು ತಿರುಗಿಬಿದ್ದ ವಾರ, 2019ರಲ್ಲಿ, ಕೋರ್ಟಿನ ಹೊರಗೆ ಒಬ್ಬ ಪರಿಚಯವಾದ. ನೋಡಿದೆ ಅಂತ ಹೇಳುವವರನ್ನು ಹೊಂದಿಸೋಣ, ಅವರು ಅವತ್ತು ಅದೇ ದಾರಿಯಲ್ಲಿ ಬರುತ್ತಿದ್ದರು ಅಂತ ಮಾಡೋಣ ಅಂದ. ನಾನು ಒಪ್ಪಿದೆ. ಸತ್ಯ ನಮ್ಮ ಕಡೆ ಇತ್ತಲ್ಲ, ಅದಕ್ಕೆ ಒಂದು ಬಾಯಿ ಬೇಕಾಗಿತ್ತು ಅಷ್ಟೇ, ಅಂತ ನನಗೆ ನಾನೇ ಹೇಳಿಕೊಂಡೆ. ಐದು ಸಾವಿರ ಮುಂಗಡ ಕೊಟ್ಟೆ. ಆ ಸಂಜೆ ಪಾಸ್‌ಬುಕ್ ನೋಡಿ ಅವ್ವ ಕೇಳಿದಳು. ಹೇಳಿದೆ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ನನ್ನ ಮುಖ ಹಿಡಿದು, "ನಿನ್ನ ತಮ್ಮನ ಹೆಸರಿನಾಗ ಸುಳ್ಳು ಹೇಳಸ್ತೀಯೇನು? ಆ ನಾಬೋತನ್ನ ಕೊಲ್ಲಾಕ ಇಂಥವರ್ನೇ ಇಬ್ಬರನ್ನ ತಂದಿದ್ರು" ಅಂದಳು.

ನಾಬೋತನ ಕಥೆ ಅರಸುಗಳ ಮೊದಲನೇ ಪುಸ್ತಕದ್ದು. ಅಹಾಬ ರಾಜನಿಗೆ ಅವನ ದ್ರಾಕ್ಷಿತೋಟ ಬೇಕಾಗಿತ್ತು. ಅವನು ಕೊಡಲಿಲ್ಲ. ರಾಣಿ ಈಜೆಬೆಲ್ ಇಬ್ಬರು ಸಾಕ್ಷಿಗಳನ್ನು ಕೂರಿಸಿ, ಕಾನೂನಿನ ಪ್ರಕಾರವೇ ಕಲ್ಲೆಸೆದು ಕೊಲ್ಲಿಸಿದಳು. ಕಾಗದ ಎಲ್ಲ ಸರಿಯಿತ್ತು, ಮುದ್ರೆ ಕೂಡ ಬಿದ್ದಿತ್ತು. ಅವ್ವನ ಆ ಮಾತಿಗೆ ನಾನು ಹಿಂದೆ ಸರಿದೆ, ಐದು ಸಾವಿರ ಹೋಯಿತು. ಆದರೆ ಒಪ್ಪಿದ್ದಂತೂ ಒಪ್ಪಿದ್ದೆ. ಒಂದು ಹಗಲು, ಒಂದು ಸಂಜೆ, ನಾನು ಈಜೆಬೆಲಳ ಕೆಲಸ ಮಾಡಿದ್ದೆ.

ವಹಿ ಬರೆಯುವವನು ಯಾವುದನ್ನೂ ಬಿಡುವುದಿಲ್ಲ ಅಂತ ಸಮಾಧಾನಪಟ್ಟವನಿಗೆ ಇದು ನೆನಪಾಗದೆ ಇರುತ್ತದೆಯೇ? ಅದೇ ವಹಿಯಲ್ಲಿ ನನ್ನ ಹೆಸರೂ ಇದೆ. ಹಲವು ದಿನ ಇದು ನನ್ನನ್ನು ಕಾಡಿತು. ದೇವರ ನ್ಯಾಯ ಬರಲಿ ಅಂತ ಕೂಗುವವನು ತನ್ನ ಮನೆ ಬಾಗಿಲನ್ನೂ ತೆರೆದಿಟ್ಟು ಕೂಗಬೇಕು. ಆಗಸ್ಟಿನಲ್ಲಿ ಕರ್ತನ ಭೋಜನಕ್ಕೆ ಮುಂಚೆ ಅಯ್ಯನವರ ಮುಂದೆ ಎಲ್ಲ ಹೇಳಿಕೊಂಡೆ. ಹಣ ಕೊಟ್ಟದ್ದು, ಕಾರಿನ ಹಿಂದೆ ಹೋದದ್ದು, ಫೋಟೋಗಳು. ಅವರ ಎದುರಿಗೇ ಒಂದೊಂದಾಗಿ ಅಳಿಸಿದೆ. ನಲವತ್ತಮೂರು. ಸ್ವಲ್ಪ ಹೊತ್ತೇ ಹಿಡಿಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ದೇವರಿಗೆ ಬಿಟ್ಟಿದ್ದೇವೆ ಅಂತ ನಾವು ಕೋರ್ಟನ್ನು ಬಿಡಲಿಲ್ಲ. ಬಿಡುಗಡೆಯ ವಿರುದ್ಧ ನೊಂದವರೇ ಮೇಲ್ಮನವಿ ಹಾಕುವ ಹಕ್ಕು 2009ರ ಕೊನೆಯಿಂದ ಕಾನೂನಿನಲ್ಲಿದೆ, ಅದನ್ನು ಹಾಕಿದ್ದೆವು. ಕ್ರೈಸ್ತರು ಸಹಿಸಿಕೊಳ್ಳಬೇಕು, ಕೋರ್ಟಿಗೆ ಯಾಕೆ ಅಂತ ಸಭೆಯ ಕೆಲವರು ಅಂದದ್ದುಂಟು. ಲೂಕನ ಸುವಾರ್ತೆಯ ಆ ವಿಧವೆ ಅನ್ಯಾಯಗಾರ ನ್ಯಾಯಾಧಿಪತಿಯ ಬಾಗಿಲನ್ನು ಬಿಡದೆ ತಟ್ಟಿದಳಲ್ಲ, ಕರ್ತನೇ ಅವಳನ್ನು ಮಾದರಿಯಾಗಿ ತೋರಿಸಿದ. ಅವ್ವ ಪ್ರತಿ ತಾರೀಖಿಗೂ ಬಂದಳು, ಮಂಡಿ ನೋವಿನಲ್ಲೂ ಮೆಟ್ಟಿಲು ಹತ್ತಿದಳು. ಭೂಮಿಯ ಮೇಲಿನ ನ್ಯಾಯವನ್ನು ಕೇಳುವುದು ಬಿಟ್ಟು ಆಕಾಶದ ನ್ಯಾಯವನ್ನು ಮಾತ್ರ ಹಾಡುವುದು ನನಗೆ ಸರಿಯೆನಿಸುವುದಿಲ್ಲ. ಅನ್ಯಾಯ ಮಾಡಿದವರಿಗೆ ಅದರಿಂದ ಬಹಳ ಅನುಕೂಲ.

ಮೇಲ್ಮನವಿಯೂ 2023ರಲ್ಲಿ ವಜಾ ಆಯಿತು. ವಕೀಲರು ಫೋನಿನಲ್ಲಿ ಹೇಳಿದರು. ನಾನು ಆಫೀಸಿನಲ್ಲಿದ್ದೆ. ಎದೆಯಲ್ಲಿ ಕಲ್ಲು ಬಿದ್ದಂತಾಯಿತು, ಸುಳ್ಳು ಹೇಳುವುದಿಲ್ಲ. ಮುಖ ತೊಳೆದು ಬಂದು ಕೂತೆ. ಸಂಜೆ ಅವನ ಅಂಗಡಿಯ ರಸ್ತೆ ನನ್ನ ದಾರಿಯಲ್ಲೇ ಬಂತು. ಗಾಡಿ ತಾನಾಗಿ ನಿಧಾನವಾಯಿತು. ಆಮೇಲೆ ಮುಂದೆ ಹೋಯಿತು. ರಾತ್ರಿ ಹತ್ತೂ ನಲವತ್ತಕ್ಕೆ ನಿದ್ದೆ ಹತ್ತಿತ್ತು ಅಂತ ಹೆಂಡತಿ ಬೆಳಿಗ್ಗೆ ಹೇಳಿದಳು.

ಒಂದು ಪ್ರಶ್ನೆ ಮಾತ್ರ ನನಗೆ ಇನ್ನೂ ಮುಗಿದಿಲ್ಲ. ನಾಬೋತನ ಕಥೆಯ ಕೊನೆಯಲ್ಲಿ ಪ್ರವಾದಿ ಎಲೀಯ ಬಂದು ರಾಜನ ಮುಖಕ್ಕೇ ಹೇಳುತ್ತಾನೆ: ಕೊಂದದ್ದೂ ಆಯಿತು, ತೋಟ ಹಿಡಿದದ್ದೂ ಆಯಿತು, ಅಲ್ವಾ? ಆಗ ಅಹಾಬ ಬಟ್ಟೆ ಹರಿದುಕೊಂಡು, ಗೋಣಿತಟ್ಟು ಉಟ್ಟು, ಉಪವಾಸ ಕೂರುತ್ತಾನೆ. ದೇವರು ಅದನ್ನು ನೋಡಿ ಶಿಕ್ಷೆಯನ್ನು ಮುಂದೆ ಹಾಕುತ್ತಾನೆ. ಆ ಭಾಗ ಓದಿದಾಗ ನಾನು ಪುಸ್ತಕ ಮುಚ್ಚಿಬಿಟ್ಟಿದ್ದೆ. ಹಾಗಾದರೆ ಇವನೂ ಒಂದು ದಿನ ಮೊಣಕಾಲೂರಿ ಅತ್ತರೆ? ನನ್ನ ತಮ್ಮನ ಲೆಕ್ಕ ಏನಾಗುತ್ತದೆ?

ಆ ಲೆಕ್ಕ ಹರಿದು ಹಾಕುವುದಿಲ್ಲ, ಶಿಲುಬೆಯ ಮೇಲೆ ಪೂರ್ತಿ ಸಲ್ಲಿಕೆಯಾಗುತ್ತದೆ ಅಂತ ನಂಬುತ್ತೇನೆ. ನನ್ನ ಐದು ಸಾವಿರದ ಲೆಕ್ಕವೂ ತೀರಿದ್ದು ಅಲ್ಲೇ. ಅವನಿಗೊಂದು ನಿಯಮ, ನನಗೊಂದು ನಿಯಮ ಕೇಳಲು ನನಗೆ ಬಾಯಿಲ್ಲ. ಒಂದು ವೇಳೆ ಅವನು ದೇವರ ಮುಂದೆ ನಿಜವಾಗಿ ತಲೆಬಾಗಿದರೆ, ಅವತ್ತು ಅವನು "ಹೌದು, ನಾನೇ ಮಾಡಿದೆ" ಅಂತ ಹೇಳಿರುತ್ತಾನೆ. ಐದು ವರ್ಷ ನಾವು ಕೋರ್ಟಿನಲ್ಲಿ ಕಾದದ್ದು ಅದೇ ಮಾತಿಗೆ ಅಲ್ಲವೇ? ಇದನ್ನು ಬುದ್ಧಿ ಒಪ್ಪಿದೆ. ಮನಸ್ಸು ಇನ್ನೂ ದಾರಿಯಲ್ಲಿದೆ. ಅವನಿಗಾಗಿ ಪ್ರಾರ್ಥಿಸಲು ಶುರು ಮಾಡಿದ್ದೇನೆ, ಒಂದೇ ಸಾಲು, ಜಾಸ್ತಿ ಬರುವುದಿಲ್ಲ. ಅವನ ಮಗುವಿಗಾಗಿ ಮಾತ್ರ ಸಲೀಸಾಗಿ ಬರುತ್ತದೆ.

ತಮ್ಮನ ಸಮಾಧಿಯ ಮೇಲೆ ಅಲ್ಲಿಯವರೆಗೆ ಹೆಸರು, ತಾರೀಖು ಬಿಟ್ಟರೆ ಏನೂ ಬರೆಸಿರಲಿಲ್ಲ. ನ್ಯಾಯ ಸಿಕ್ಕ ದಿನ ಬರೆಸೋಣ ಅಂತ ನಾನೇ ತಡೆದಿದ್ದೆ. 2024ರ ಪುನರುತ್ಥಾನದ ಹಬ್ಬಕ್ಕೆ ಮುಂಚೆ ಅವ್ವ, "ಇನ್ನ ಬರಸು" ಅಂದಳು. ಇಳಕಲ್ಲಿನ ಕೆಂಪು ಕಲ್ಲು. ಕೆತ್ತುವವರು ವಯಸ್ಸಾದ ಒಬ್ಬ ಮುಸಲ್ಮಾನರು, ಅಕ್ಷರಕ್ಕೆ ಇಷ್ಟು ಅಂತ ದರ. ಪೂರ್ತಿ ಸಾಲು ಹಿಡಿಸುವುದಿಲ್ಲ ಅಂತ ಗೇಣಿನಲ್ಲಿ ಅಳೆದು ಹೇಳಿದರು. ನಾನೂ ಅವ್ವನೂ ಮಾತಾಡಿಕೊಂಡು ಕಡಿಮೆ ಮಾಡಿದೆವು. "ನ್ಯಾಯ ತೀರಿಸಲು ಅಲ್ಲಿಂದ ಬರುವನು."

ಅವರು ಸುಣ್ಣದ ಕಡ್ಡಿಯಲ್ಲಿ ಗೆರೆ ಹಾಕಿಕೊಂಡು, ಉಳಿ ಇಟ್ಟು, "ಯಾರು ಬರತಾರ್ರೀ ಅಮ್ಮಾ?" ಅಂತ ಕೇಳಿದರು. ಅವ್ವ ಹೇಳತೊಡಗಿದಳು. ಪಿಲಾತನಿಂದ ಶುರು ಮಾಡಿದಳು. ಅವರು ಹೂಂಗುಟ್ಟುತ್ತಾ ಕೆತ್ತುತ್ತಿದ್ದರು. "ನ್ಯಾ" ಅಕ್ಷರದ ಕೆಳಗಿನ ಒತ್ತು ನಾಜೂಕಾದದ್ದು, ಅಲ್ಲಿ ಬಂದಾಗ ಅವರು ಕೈ ಎತ್ತಿ ಅವ್ವನಿಗೆ ಸ್ವಲ್ಪ ಸುಮ್ಮನಿರಲು ಹೇಳಿ, ಉಸಿರು ಬಿಗಿಹಿಡಿದು ಅದನ್ನು ಮುಗಿಸಿದರು. ಅವ್ವ ಸೆರಗಿನಿಂದ ಕಲ್ಲಿನ ಪುಡಿ ಒರೆಸಿ, ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ ಮತ್ತೆ ಹೇಳತೊಡಗಿದಳು.